ಬೀಗದ ಹಿಂದಿನ ಕೆಮ್ಮು

“ಬಾಗಿಲು ತೆಗೀಲಿಕ್ಕೆ ಆಗಲ್ಲ ಆಂಟಿ, ನಾನೂ ತಮ್ಮನೂ ಇಬ್ರೇ ಇದ್ದೇವೆ, ಅಮ್ಮ ಬೀಗ ಹಾಕಿ ಹೋಗಿದ್ದಾರೆ” ಎಂದು ಒಳಗಿನಿಂದ ಪುಟ್ಟ ಹುಡುಗಿಯ ದನಿ ಕೇಳಿಸಿತು. ಹಿಂದೆಯೇ ಕೆಮ್ಮು. ಹೆಂಚಿನ ಸಂದಿಯಿಂದ ದಟ್ಟ ಹೊಗೆ ಏಳುತ್ತಿತ್ತು.

ನೆಲ್ಯಹುದಿಕೇರಿ ಸಮೀಪದ ಎಸ್ಟೇಟಿನಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಗಳ ಮಕ್ಕಳಿಗೆ ಸ್ವೆಟರ್ ಕೊಡಲೆಂದು ನಮ್ಮ ಮಹಿಳಾ ಸಂಘದಿಂದ ನಾನು ಮತ್ತು ಜಾನಕಿ ಅಕ್ಕ ಹೋಗಿದ್ದೆವು. ಕಾಫಿ ಕೊಯ್ಲಿನ ಸಮಯ. ದೊಡ್ಡವರೆಲ್ಲ ತೋಟದಲ್ಲಿದ್ದರು.

“ತಮ್ಮನ್ನ ಕರ್ಕೊಂಡು ಬಾಗಿಲ ಹತ್ರ ಬಾ, ನೆಲಕ್ಕೆ ಮಲಗು ಮಗಾ!” ಎಂದು ಜಾನಕಿ ಅಕ್ಕ ಕೂಗುತ್ತಲೇ ಇದ್ದರು. ನಾನು ಕಲ್ಲೆತ್ತಿ ಬೀಗಕ್ಕೆ ಕುಟ್ಟಿದೆ. ಏಟು ತಪ್ಪುತ್ತಿತ್ತು. ಅಷ್ಟರಲ್ಲಿ ಒಳಗೆ ಕೆಮ್ಮು ನಿಂತುಹೋಯಿತು. ನಾನು ಇನ್ನೂ ಜೋರಾಗಿ ಕುಟ್ಟಿದೆ.

ಕೊನೆಗೆ ಚಿಲಕವೇ ಕಿತ್ತು ಬಂತು. ಒಲೆಯ ಕಿಡಿ ತಾಗಿ ಹಾಸಿಗೆ ಹೊಗೆಯಾಡುತ್ತಿತ್ತು. ಮಕ್ಕಳಿಬ್ಬರನ್ನೂ ಎತ್ತಿಕೊಂಡು ಹೊರಗೆ ಓಡಿದೆವು. ಗಾಳಿ ತಾಗುತ್ತಲೇ ಅವರು ಜೋರಾಗಿ ಅಳತೊಡಗಿದರು. ಆ ಅಳು ಕೇಳಿ ನನಗೆ ಜೀವ ಬಂತು.

ತೋಟದಿಂದ ಓಡಿ ಬಂದ ತಾಯಿ ಮಕ್ಕಳನ್ನು ತಬ್ಬಿಕೊಂಡು ಕುಸಿದಳು. “ಹೀಗೆ ಬೀಗ ಹಾಕಿ ಹೋಗೋದಾ?” ಎಂದು ರೇಗಿದೆ.

“ಹಾಕದಿದ್ರೆ ಹೊರಗೆ ಬರ್ತಾರೆ. ತೋಟದಲ್ಲಿ ಆನೆ ಉಂಟು ಅಕ್ಕ, ಮೊನ್ನೆ ಅಂಗಳಕ್ಕೇ ಬಂದಿತ್ತು. ನಾನೇನು ಮಾಡ್ಲಿ, ನೀವೇ ಹೇಳಿ” ಎಂದಳು.

ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನು ಕೇಳಿ ಒಂದು ಖಾಲಿ ಮನೆ ಪಡೆದೆವು. ಕೊಯ್ಲು ಮುಗಿಯುವವರೆಗೂ ಸಂಘದವರೇ ಸರದಿಯಲ್ಲಿ ಅಲ್ಲಿ ಮಕ್ಕಳನ್ನು ನೋಡಿಕೊಂಡೆವು. ಮೊದಲ ದಿನ ಆ ತಾಯಿ ಮಕ್ಕಳನ್ನು ನನ್ನ ಕೈಗೊಪ್ಪಿಸಿ, ತಿರುತಿರುಗಿ ನೋಡುತ್ತಾ ತೋಟಕ್ಕೆ ನಡೆದಳು. ನನ್ನನ್ನು ಅಷ್ಟೊಂದು ನಂಬಿದವರು ಅದುವರೆಗೆ ಯಾರೂ ಇರಲಿಲ್ಲ.