ಹಾಕದೇ ಹೋದ ಚಿಲಕ

ಬೀಡಿಯ ತುದಿ ಮಡಚಿ ಮಡಚಿ ಅವರ ಬಲಗೈ ಹೆಬ್ಬೆರಳಿನ ಉಗುರು ಓರೆಯಾಗಿ ಸವೆದಿತ್ತು. ಅದೇ ಕೈಯಲ್ಲಿ ಅಳಿಲಿನ ಮರಿಗೆ ಹಾಲು ಕುಡಿಸುವಾಗ ಒಂದು ಹನಿಯೂ ಕೆಳಗೆ ಬೀಳುತ್ತಿರಲಿಲ್ಲ. ಘಾಟಿಯ ಬುಡದ ಊರು ಕಕ್ಕಿಂಜೆಯಿಂದ ಆಚೆ, ಗಾಯಗೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡುವ ಪುಟ್ಟ ಕೇಂದ್ರವೊಂದಿತ್ತು. ಬೀಡಿ ಕಟ್ಟುವುದನ್ನು ಬಿಟ್ಟು ಅಲ್ಲಿಗೆ ಸೇರಿದ್ದ ಅವರು ಎಲ್ಲರಿಗೂ ಅಕ್ಕ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮೈಸೂರಿನ ಶಾಲೆಯ ಕೆಲಸ ಬಿಟ್ಟ ನಾನು ಹಳೆಯ ವ್ಯಾನಿನೊಳಗೆ ಮಂಚ, ಸ್ಟವ್ ಇಟ್ಟುಕೊಂಡು ಒಬ್ಬಳೇ ಊರೂರು ತಿರುಗುತ್ತಿದ್ದೆ. ಮೂಡಬಿದಿರೆಯಲ್ಲಿ ಪಂಕ್ಚರ್ ಹಾಕಿಸುವಾಗ ಆ ಕೇಂದ್ರದ ಸುದ್ದಿ ಕಿವಿಗೆ ಬಿತ್ತು. ಸಂಬಳ ಬೇಡ, ಒಂದು ತಿಂಗಳು ದುಡಿಯುತ್ತೇನೆ ಎಂದು ಹೋಗಿ ನಿಂತೆ.

ಒಬ್ಬಳೇ ಯಾಕೆ ಎಂದು ಕೇಳದಿದ್ದವರು ಅಕ್ಕ ಮಾತ್ರ. ಪ್ರಾಣಿಗಳೊಡನೆ ತುಳು, ನನ್ನೊಡನೆ ನಿಧಾನದ, ಪುಸ್ತಕದಂಥ ಕನ್ನಡ. ಮುಂಗುಸಿಯೊಂದಕ್ಕೆ ನಾನು ಹೆಸರಿಡಲು ಹೊರಟಾಗ ತಡೆದರು. "ಹೆಸರಿಟ್ಟರೆ ಮತ್ತೆ ಕಾಡಿಗೆ ಬಿಡ್ಲಿಕ್ಕೆ ಆಗುವುದಿಲ್ಲ."

ಹಂದಿಗೆ ಒಡ್ಡಿದ ಉರುಳಿನಲ್ಲಿ ಕಾಲು ಸಿಕ್ಕಿಕೊಂಡಿದ್ದ ಹೆಣ್ಣು ಚಿರತೆಯೊಂದು ಆಗ ಅಲ್ಲಿತ್ತು. ಗೂಡಿಗೆ ಎರಡು ಕೋಣೆ, ನಡುವೆ ಜಾರುಬಾಗಿಲು. ಚಿರತೆಯನ್ನು ಒಳಕೋಣೆಗೆ ಸೇರಿಸಿ, ಚಿಲಕ ಹಾಕಿ, ಹೊರಕೋಣೆ ತೊಳೆಯಬೇಕು. ಆ ಬೆಳಿಗ್ಗೆ ಬಾಗಿಲನ್ನು ಸರಿಸಿದೆ. ಚಿಲಕ ಹಾಕಲು ಮರೆತೆ. ಮೂಲೆಯಲ್ಲಿ ನೆಲ ಉಜ್ಜುತ್ತಿದ್ದಾಗ ಕಬ್ಬಿಣ ಕಿರುಗುಟ್ಟಿತು. ತಿರುಗಿದರೆ ಬಾಗಿಲಿನ ಸಂದಿಯಲ್ಲಿ ಪಂಜ, ಆಮೇಲೆ ತಲೆ.

"ಓಡಬೇಡಿ ಟೀಚರ್. ಗೋಡೆಗೆ ಒರಗಿ ನನ್ನ ಕಡೆ ಬನ್ನಿ."

ಅಕ್ಕ ಹೊರಗಿನಿಂದ ಒಳಗೆ ಕಾಲಿಟ್ಟಿದ್ದರು. ಕೈಯಲ್ಲಿ ಕಡ್ಡಿಪೊರಕೆ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೂ ಚಿರತೆಗೂ ನಡುವೆ ನಿಂತು, ತಗ್ಗಿದ ದನಿಯಲ್ಲಿ ತುಳುವಿನಲ್ಲಿ ಅದಕ್ಕೆ ಏನೋ ಹೇಳುತ್ತಲೇ ಇದ್ದರು. ನಾನು ಇಂಚಿಂಚಾಗಿ ಸರಿದು ಹೊರಬಿದ್ದೆ. ಅವರು ಹಿಮ್ಮೆಟ್ಟಿ ಹೊರಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಚಿರತೆ ಪಂಜ ಬೀಸಿತು. ಅಕ್ಕನ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಹೋಗಿತ್ತು. ಆ ಕೈಯಲ್ಲೇ ಬಾಗಿಲು ಭದ್ರಪಡಿಸಿದರು.

ಬೆಳ್ತಂಗಡಿಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ, ನಡೆದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಚಿರತೆಯನ್ನು ಕಾಡಿಗೆ ಬಿಡುವುದೋ, ಆಯುಷ್ಯವಿಡೀ ಗೂಡಿನಲ್ಲಿಡುವುದೋ ಎಂದು ತೀರ್ಮಾನಿಸಲು ಅರಣ್ಯಾಧಿಕಾರಿ ಮರುದಿನವೇ ಬರುವವರಿದ್ದರು. "ಗೂಡು ತೊಳೆಯುವಾಗ ಚಿರತೆ ದಾಳಿ ಮಾಡಿತು" ಎಂದಷ್ಟೇ ಬರೆದೆ. ಓದು ಬಾರದ ಅಕ್ಕ, ಓದಿ ಹೇಳಿ ಎಂದರು. ಓದಿದೆ. ಅವರು ರಿಜಿಸ್ಟರನ್ನು ಮತ್ತೆ ನನ್ನ ಕಡೆಗೇ ಸರಿಸಿದರು.

"ಚಿಲಕದ ಸುದ್ದಿ ಇಲ್ಲದಿದ್ದರೆ ತಪ್ಪು ಅದರದ್ದು ಅಂತ ಆಗ್ತದೆ, ಟೀಚರ್. ಅದಕ್ಕೆ ಹೇಳ್ಲಿಕ್ಕೆ ಬಾಯಿ ಇಲ್ಲವಲ್ಲ."

ಆ ಹಾಳೆ ಹರಿದು, ಬೇರೆ ಹಾಳೆಯಲ್ಲಿ ಚಿಲಕ ಮರೆತದ್ದನ್ನು ಬರೆದು ನನ್ನ ಹೆಸರು ಹಾಕಿದೆ.

ಅಧಿಕಾರಿ ಅದನ್ನು ಎರಡು ಸಲ ಓದಿದರು. ಚಿರತೆಯನ್ನು ಬಿಡಲು ಒಪ್ಪಿದರು. ನನ್ನನ್ನು ಅಂದೇ ಹೊರಡಲು ಹೇಳಿದರು. ಅಕ್ಕ ವ್ಯಾನಿನವರೆಗೆ ಬಂದು, ಘಾಟಿಯಲ್ಲಿ ಮಂಜಿದ್ದರೆ ಗಾಡಿ ನಿಲ್ಲಿಸಿಕೊಳ್ಳಿ ಎಂದರು.

ಕೆಲವು ವರ್ಷಗಳ ಬಳಿಕ ಅವರು ಕಾಮಾಲೆಯಿಂದ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿತು. ಅವರ ಮನೆ ಹುಡುಕಿಕೊಂಡು ಹೋದಾಗ ಅವರ ತಂಗಿ ಚಾ ಕೊಟ್ಟು ಕೂರಿಸಿದರು. ತಪ್ಪು ಒಪ್ಪಿಕೊಳ್ಳಲೆಂದು ನಾನು ಬಾಯಿ ತೆರೆಯುತ್ತಿದ್ದಂತೆ ಅವರೇ ಹೇಳಿದರು: "ಗೊತ್ತುಂಟು. ಚಿಲಕ ಮರೆತದ್ದೂ ಟೀಚರೇ, ಅದನ್ನು ಬರೆದುಕೊಟ್ಟದ್ದೂ ಟೀಚರೇ ಅಂತ ಅಕ್ಕ ಯಾವಾಗಲೂ ಹೇಳ್ತಿದ್ದಳು."

ಚಿಲಕದ ಸುದ್ದಿ ಬಿಟ್ಟು ನಾನು ಮೊದಲು ಬರೆದ ಆ ಸಾಲಿನ ಬಗ್ಗೆ ಅಕ್ಕ ಮನೆಯವರಿಗೂ ಹೇಳಿರಲಿಲ್ಲ.