ತಪ್ಪಾತ್ರಿ ಎಂದವನ ಮನಸ್ಸು

ಮನಸ್ಸಿನ ಪಾಲಿಲ್ಲದೆ ಅಪರಾಧವಿಲ್ಲ ಎಂಬ ಒಂದೇ ಮಾತನ್ನು ಹಿಡಿದು ನಾನು ತೊಂಬತ್ತರ ದಶಕದ ಬಹುಪಾಲನ್ನು ಕಳೆದೆ. ಅದು ನನ್ನ ಕಾನೂನು ಸಂಶೋಧನೆ. ಕರಿಕೋಟು ಹಾಕದ ನಾನು ಊರವರ ಲೆಕ್ಕದಲ್ಲಿ ಕೂಳಿಗೆ ದಂಡ, ಭೂಮಿಗೆ ಭಾರ.

ಆಗ ಚಿಕ್ಕಪ್ಪನ ಮಗ, ನನ್ನ ತಮ್ಮ, ಹಡಗಲಿಯಿಂದ ಹರಪನಹಳ್ಳಿಗೆ ಮಲ್ಲಿಗೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಸರ್ಕಾರಿ ಬಸ್ಸಿನ ಚಾಲಕನಾಗಿ ಆಯ್ಕೆಯೂ ಆಗಿತ್ತು. ಇವನಿಗೆ ಯಾವ ಶಿಕ್ಷೆಯೂ ಆಗಿಲ್ಲ ಎಂದು ಪೊಲೀಸರ ವರದಿ ಹೋಗುವುದೊಂದೇ ಬಾಕಿ. ಅಷ್ಟರಲ್ಲಿ ಇಟ್ಟಿಗಿ ಹತ್ತಿರ ಅಜ್ಜನೊಬ್ಬ ಸೈಕಲ್ಲನ್ನು ಸರಕ್ಕನೆ ರಸ್ತೆಗೆ ತಿರುಗಿಸಿ, ಟೆಂಪೋಗೆ ತಾಗಿ ಬಿದ್ದ. ತಮ್ಮನೇ ಅವನನ್ನು ಹೂವಿನ ಬುಟ್ಟಿಗಳ ನಡುವೆ ಕೂರಿಸಿ ಆಸ್ಪತ್ರೆಗೆ ಒಯ್ದ. ಅಜಾಗರೂಕ ಚಾಲನೆ ಎಂದು ಕೇಸು ಬಿತ್ತು.

ಕೋರ್ಟಿಗೆ ನಾನೂ ಹೋದೆ, ಅರ್ಧ ತಮ್ಮನಿಗಾಗಿ, ಅರ್ಧ ಪ್ರಬಂಧಕ್ಕಾಗಿ. ತಪ್ಪು ಒಪ್ಪುತ್ತೀಯಾ ಎಂದು ಕೇಳಿದರೆ ಇಲ್ಲ ಅನ್ನು ಎಂದು ಹೇಳಿಕೊಟ್ಟು ನಮ್ಮ ವಕೀಲರು ಪಕ್ಕದ ಕೋರ್ಟ್ ಹಾಲಿಗೆ ಹೋಗಿದ್ದರು. ಆಗಲೇ ಕೂಗು ಬಂತು. ತಮ್ಮ ಕಟಕಟೆ ಹತ್ತಿದ. ಎದುರಿಗೆ ಕೈಗೆ ಪಟ್ಟಿ ಕಟ್ಟಿಕೊಂಡ ಅಜ್ಜ.

"ಆರೋಪ ಒಪ್ಪಿಕೊಳ್ಳುತ್ತೀಯೇನಪ್ಪಾ?" ಎಂದರು ಮೈಸೂರು ಕಡೆಯ ನ್ಯಾಯಾಧೀಶರು.

ತಮ್ಮ ಅವರನ್ನು ನೋಡಲೇ ಇಲ್ಲ. ಅಜ್ಜನಿಗೆ ಕೈಮುಗಿದು, "ತಪ್ಪಾತ್ರಿ ಯಜಮಾನ್ರ," ಎಂದ.

ನಮ್ಮ ಕಡೆ ಬಸ್ಸಿನಲ್ಲಿ ಕಾಲು ತಾಗಿದರೂ ತಪ್ಪಾತ್ರಿ, ಬಂದವರಿಗೆ ಚಹಾ ತಡವಾದರೂ ತಪ್ಪಾತ್ರಿ. ಯಾರು ಮಾಡಿದರೆಂಬುದು ಅದರಲ್ಲಿಲ್ಲ. ನಿಮಗೆ ನೋವಾಯಿತು, ನಾನು ಎದುರಿಗಿದ್ದೆ, ಅಷ್ಟೇ. ಅಜ್ಜನೂ ಮರ್ಯಾದಸ್ಥ. "ಇರ್ಲಿ ಬಿಡಪ್ಪ, ನಂದೂ ತಪ್ಪಾತು," ಎಂದ. ಅವನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತಮ್ಮನದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ನಾನು ಏಳಹೋದೆ, ಜವಾನ ಕಣ್ಣಿನಲ್ಲೇ ಕೂರಿಸಿದ. ಕೂತೆ. ವಕೀಲರು ಓಡಿ ಬರುವಷ್ಟರಲ್ಲಿ ದಂಡ ವಿಧಿಸಿಯಾಗಿತ್ತು.

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದು ಅವರು ಹಣೆ ಚಚ್ಚಿಕೊಂಡರು. ನೌಕರಿ ಅಲ್ಲಿಗೆ ಮುಗಿಯಿತು.

ಆ ಪದದ ಮೇಲೆ ನಾನು ಇಡೀ ಅಧ್ಯಾಯ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಅದನ್ನು ಬಿಡಿಸಿ ಹೇಳಿದಾಗ ದೊಡ್ಡ ದೊಡ್ಡ ಪ್ರಾಧ್ಯಾಪಕರು ತಲೆದೂಗಿದರು. ಡಾಕ್ಟರೇಟ್ ಬಂತು. ಪೇಡೆ ಹಿಡಿದು ಚಿಕ್ಕಮ್ಮನ ಮನೆಗೆ ಹೋಗಿ, ಅಲ್ಲಿ ಹೇಳಿದ್ದನ್ನೆಲ್ಲ ಇಲ್ಲೂ ಹೆಮ್ಮೆಯಿಂದ ಹೇಳಿದೆ. ತಮ್ಮ ಹೂವಿನ ಲೋಡಿಗೆ ಹೋಗಿದ್ದ.

ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡಳು.

"ಚಲೋ ಹೇಳಿದಿ ಬಿಡಪ್ಪ," ಎಂದಳು. "ಇದನ್ನ ಅವತ್ತ ಕೋರ್ಟಿನ್ಯಾಗ ಹೇಳಿದ್ರ, ಎರಡು ಮನ್ಯಾಗ ಪೇಡೆ ಹಂಚತಿದ್ವಿ."