ಕೂಸಪ್ಪನವರ ಹಾಜರಿಗೆ ಓಗೊಡುವ ಸಿದ್ದಮ್ಮ

ಸಿದ್ದಮ್ಮನವರ ಬಳಿ ನರ್ಸಿಂಗ್ ಸರ್ಟಿಫಿಕೇಟ್ ಇಲ್ಲ. ಕೊಡಗಿನ ಅಮ್ಮತ್ತಿ ಹತ್ತಿರದ ಮನೆಯೊಂದರಲ್ಲಿ ಬೆಳಿಗ್ಗೆ ಆರಕ್ಕೆ ಅವರ ಮೊದಲ ಕೆಲಸ, ಎಂಬತ್ತೊಂದರ ಕೂಸಪ್ಪನವರ ಬಾಯಿಗೆ ಟಾರ್ಚ್ ಬಿಟ್ಟು ಒಸಡು ನೋಡುವುದು. ಎರಡನೆಯದು, ಹಾಜರಿಗೆ ನಿಲ್ಲುವುದು.

ಕೂಸಪ್ಪ ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದಿನಾ ಕೆಲಸದವರ ಹಾಜರಿ ಕೂಗಿದವರು. ಆರು ವರ್ಷದಿಂದ ಆಲ್‌ಝೈಮರ್ಸ್. ಮಗನ ಹೆಸರು ಮರೆತಿದೆ, ಲೈನ್ ಮನೆಯ ಕೂಲಿಗಳ ಹೆಸರು ಮರೆತಿಲ್ಲ. ಈಗಲೂ ಜಗಲಿಯಲ್ಲಿ ನಿಂತು ಕೂಗುತ್ತಾರೆ. ಎಲ್ಲರ ಪರವಾಗಿ ಸಿದ್ದಮ್ಮ ಉತ್ತರಿಸುತ್ತಾರೆ.

"ಲಿಂಗ."

"ಬಂದೀನಿ ರೈಟ್ರೇ."

"ಮಾದ."

ಟಾರ್ಚ್ ಎತ್ತಿಡುತ್ತಿದ್ದ ಸಿದ್ದಮ್ಮ ಓಗೊಡಲು ತಡಮಾಡುತ್ತಾರೆ.

"ಎಂತ ಮಾದ, ಈಗ ಎದ್ದದ್ದಾ? ಅರ್ಧ ಹಾಜರಿ ನಿಂಗೆ."

"ಪಾಪ, ದಿನಾ ಅವನಿಗೆ ಅರ್ಧವೇ," ಎಂದು ಸಿದ್ದಮ್ಮ ನಗುತ್ತಾರೆ.

ಇವರು ಹಾರಂಗಿ ಕಡೆಯ ರೈತ ಕುಟುಂಬದವರು. ಇದೇ ಕಾಯಿಲೆಯ ಅತ್ತೆಯನ್ನು ಒಂಬತ್ತು ವರ್ಷ ನೋಡಿಕೊಂಡೇ ಕೆಲಸ ಕಲಿತದ್ದು. ಹಾಜರಿಯ ಹೆಸರುಗಳನ್ನು ಬೆರಳು ಮಡಚಿ ಎಣಿಸುತ್ತಾರೆ. ಕಳೆದ ವರ್ಷದ ಜೂನ್‌ವರೆಗೆ ಇಪ್ಪತ್ತಮೂರು ಇತ್ತು. ಜುಲೈಯಲ್ಲಿ ನಾಲ್ಕೇ ದಿನಕ್ಕೆ ಒಂಬತ್ತಕ್ಕೆ ಇಳಿಯಿತು. ಕಾಯಿಲೆ ಬಲಿಯಿತು ಎಂದು ಸೊಸೆ ರಮ್ಯ ಮತ್ತು ಮನೆಯವರು ಸುಮ್ಮನಾದರು.

"ಕಾಯಿಲೆ ಇಷ್ಟು ಜೋರಾಗಿ ಓಡಲ್ಲ ರಮ್ಯಕ್ಕ, ಮೈಯಲ್ಲಿ ಬೇರೆ ಏನೋ ಐತೆ ಅಂದೆ," ಎಂದು ಸಿದ್ದಮ್ಮ ನೆನೆಯುತ್ತಾರೆ.

ಬಾಯಿ ತೆಗೆಸಿದರೆ ದವಡೆಯ ಸಂದಿಯಲ್ಲಿ ಎಲೆಅಡಿಕೆಯ ಹಳೆಯ ಉಂಡೆ, ಅದರ ಕೆಳಗೆ ಕೀವು. ಹಠ ಮಾಡದಿರಲಿ ಎಂದು ರಮ್ಯ ಕೊಡುತ್ತಿದ್ದದ್ದು. ಉಗುಳುವುದನ್ನು ಕೂಸಪ್ಪ ಮರೆತಿದ್ದರು.

ಮೆದುಳಿನಲ್ಲಿ ಕಸ ತೆಗೆಯುವ ಕಾವಲು ಕೋಶಗಳಿವೆ, ಈ ಕಾಯಿಲೆಯಲ್ಲಿ ಅವು ಕೆರಳಿ, ತಣ್ಣಗಾಗದೆ, ಒಳ್ಳೆಯ ನರಕೋಶಗಳನ್ನೂ ಕೆಡಿಸುತ್ತವೆ ಎಂದು ವೈದ್ಯೆ ಕವನಾ ವಿವರಿಸಿದರು. ಅದೇ ಉರಿಯೂತ. ಮೈಯಲ್ಲಿ ಬೇರೆಲ್ಲಾದರೂ ಸೋಂಕಾದರೆ ಅವು ಇನ್ನಷ್ಟು ಕೆರಳಬಹುದು.

"ತೋಟಕ್ಕೆ ಆನೆ ಬಂದ್ರೆ, ಓಡಿಸೋಕೆ ಹೋದೋರೇ ಅರ್ಧ ಗಿಡ ಮುರೀತಾರಲ್ಲ, ಹಂಗೆ," ಎನ್ನುತ್ತಾರೆ ಸಿದ್ದಮ್ಮ.

ಹಲ್ಲು ಕಿತ್ತು ಔಷಧ ಕೊಟ್ಟ ಮೇಲೆ ಹೆಸರುಗಳು ಒಂದೊಂದಾಗಿ ಮರಳಿದವು. ಈಗ ಎಲೆಅಡಿಕೆ ಬಂದ್. ದಿನಕ್ಕೆ ಮೂರು ಸಲ ಬಾಯಿ ತೊಳೆಸುತ್ತಾರೆ, ಎಂಟು ಲೋಟ ನೀರು ಕುಡಿಸುತ್ತಾರೆ. ಮೂಲ ಕಾಯಿಲೆ ಇದರಿಂದ ನಿಲ್ಲುವುದಿಲ್ಲ. ಅದು ಅವರಿಗೆ ಗೊತ್ತು.

ಬಾರದ ಹೆಸರುಗಳನ್ನು ನೀವೇ ನೆನಪಿಸಬಹುದಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. "ನಾನು ಹೇಳಿದ್ರೆ ಅದು ನನ್ನ ಹಾಜರಿ ಆಯ್ತದೆ. ಇರೋ ಹೆಸರು ಈ ಮಳೆಗಾಲ ದಾಟಿದ್ರೆ ಸಾಕು."

ಹನ್ನೊಂದು ತಿಂಗಳಿಂದ ಹಾಜರಿ ಹತ್ತೊಂಬತ್ತರಲ್ಲಿ ನಿಂತಿದೆ. ಮರಳದೆ ಹೋದದ್ದು ನಾಲ್ಕು ಹೆಸರು.